ಸ್ಟೇಡಿಯಂನಲ್ಲೇ ಕೂತವರಿಗೆ ರೇಡಿಯೋ ಯಾಕೆ ಬೇಕಿತ್ತು?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಕಾಮೆಂಟೇಟರ್ ವಿನ್ ಸ್ಕಲ್ಲಿ ಬಗ್ಗೆ ಎಲ್ಲಿ ಓದಿದರೂ ಒಂದು ಮಾತು ಬಂದೇ ಬರುತ್ತದೆ. ಟಿಕೆಟ್ ಕೊಂಡು ಮೈದಾನಕ್ಕೆ ಬಂದವರೂ ಟ್ರಾನ್ಸಿಸ್ಟರ್ ಹಿಡಿದು ಅವರ ಮಾತು ಕೇಳುತ್ತಿದ್ದರಂತೆ. ಆಟ ಕಣ್ಣೆದುರೇ ನಡೆಯುವಾಗ ರೇಡಿಯೋ ಯಾಕೆ?

ಉತ್ತರ: ಮೊದಲ ಕಾರಣ ತುಂಬಾ ಸರಳ. ಅಲ್ಲಿ ಕೂತವರಿಗೆ ಆಟ ಸರಿಯಾಗಿ ಕಾಣುತ್ತಲೇ ಇರಲಿಲ್ಲ.

ಸ್ಕಲ್ಲಿ ಕಾಮೆಂಟರಿ ಹೇಳುತ್ತಿದ್ದ ಡಾಡ್ಜರ್ಸ್ ಮೂಲತಃ ನ್ಯೂಯಾರ್ಕಿನ ಬ್ರೂಕ್ಲಿನ್ ತಂಡ. 1958ರಲ್ಲಿ ಅದು ಲಾಸ್ ಏಂಜಲೀಸ್‌ಗೆ ಬಂತು. ಸ್ವಂತ ಸ್ಟೇಡಿಯಂ ಇನ್ನೂ ಆಗಿರಲಿಲ್ಲ. ಹಾಗಾಗಿ 1932ರ ಒಲಿಂಪಿಕ್ಸ್ ನಡೆದಿದ್ದ ಕೊಲಿಸಿಯಂನಲ್ಲಿ ನಾಲ್ಕು ವರ್ಷ ಆಡಬೇಕಾಯಿತು. ಅದು ಓಟಕ್ಕೆ, ಅಮೆರಿಕನ್ ಫುಟ್‌ಬಾಲ್‌ಗೆ ಕಟ್ಟಿದ ಮೈದಾನ. ಮೊದಲ ಪಂದ್ಯಕ್ಕೇ 78,672 ಜನ ಬಂದರು. ಕೆಲವು ಸೀಟುಗಳು ಬ್ಯಾಟರ್ ನಿಲ್ಲುವ ಜಾಗದಿಂದ ಸುಮಾರು 700 ಅಡಿ ದೂರ. ಹೆಚ್ಚುಕಮ್ಮಿ ನಮ್ಮ ಕ್ರಿಕೆಟ್ ಚೆಂಡಿನಷ್ಟೇ ಇರುವ ಚೆಂಡು ಅಷ್ಟು ದೂರದಿಂದ ಎಲ್ಲಿ ಕಾಣಬೇಕು? ಜತೆಗೆ ಆಟಗಾರರೂ ಆ ಊರಿಗೆ ಹೊಸಬರು. ಯಾರು ಓಡಿದ, ಯಾರು ಹಿಡಿದ, ಅಂಪೈರ್ ಕೈ ಎತ್ತಿದ್ದು ಯಾಕೆ, ಎಲ್ಲಕ್ಕೂ ರೇಡಿಯೋ ಬೇಕಾಯಿತು. ಟೀವಿಯಲ್ಲಿ ನೋಡೋಣವೆಂದರೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುವ ಪಂದ್ಯಗಳನ್ನು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಎಷ್ಟು ರೇಡಿಯೋ ಇರುತ್ತಿದ್ದವು ಎನ್ನುವುದಕ್ಕೆ 1960ರ ಒಂದು ಘಟನೆ ಸಾಕು. ಆಟ ಸ್ವಲ್ಪ ಮಂದವಾಗಿತ್ತು. ಫ್ರ್ಯಾಂಕ್ ಸೆಕೋರಿ ಎಂಬ ಅಂಪೈರ್‌ಗೆ ಅವತ್ತು ಹುಟ್ಟುಹಬ್ಬ ಅಂತ ಸ್ಕಲ್ಲಿಗೆ ಗೊತ್ತಾಯಿತು. ನಾನು ಒಂದು, ಎರಡು, ಮೂರು ಅಂತ ಎಣಿಸುತ್ತೇನೆ, ಎಲ್ಲರೂ ಕೂಗಿ ಎಂದರು ರೇಡಿಯೋದಲ್ಲಿ. ಮೂರು ಎಂದ ಕೂಡಲೇ ಇಡೀ ಕೊಲಿಸಿಯಂ ‘ಹ್ಯಾಪಿ ಬರ್ತ್‌ಡೇ ಫ್ರ್ಯಾಂಕ್’ ಎಂದು ಕೂಗಿತು. ಅಂಪೈರ್ ಬೆಚ್ಚಿಬಿದ್ದರು.

ಆದರೆ ದೂರದ ಸೀಟು ಪೂರ್ತಿ ಉತ್ತರ ಅಲ್ಲ. 1962ರಲ್ಲಿ ಡಾಡ್ಜರ್ ಸ್ಟೇಡಿಯಂ ಆಯಿತು. ಅಲ್ಲಿ ಆಟ ಚೆನ್ನಾಗಿ ಕಾಣುತ್ತಿತ್ತು. ಆದರೂ ಜನ ರೇಡಿಯೋ ತರುವುದು ಬಿಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವರಿಗೆ ಆ ದನಿಯೇ ಬೇಕಾಗಿತ್ತು. ಕಾಮೆಂಟರಿಗೆ ರೇಡಿಯೋ ಕಿವಿಗೆ ಒತ್ತಿಕೊಂಡು ಬೆಳೆದ ನಮ್ಮ ಹಿಂದಿನ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆ ದನಿಯ ಕಥೆ ಒಂದು ರೇಡಿಯೋದ ಕೆಳಗೇ ಶುರುವಾಗುತ್ತದೆ. ಸ್ಕಲ್ಲಿ ಹುಟ್ಟಿದ್ದು 1927ರ ನವೆಂಬರ್ 29ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಮನೆಯಲ್ಲಿ ನಾಲ್ಕು ಕಾಲಿನ ದೊಡ್ಡ ರೇಡಿಯೋ ಇತ್ತು. ಎಂಟು ವರ್ಷದ ಹುಡುಗ ಒಂದು ದಿಂಬು, ಉಪ್ಪು ಬಿಸ್ಕತ್ತು, ಒಂದು ಲೋಟ ಹಾಲು ತೆಗೆದುಕೊಂಡು ಅದರ ಅಡಿಗೆ ನುಸುಳುತ್ತಿದ್ದ. ಎಲ್ಲೋ ದೂರದ ಕಾಲೇಜುಗಳ ಫುಟ್‌ಬಾಲ್ ಪಂದ್ಯ. ಯಾರು ಗೆದ್ದರೂ ಅವನಿಗೇನೂ ಇಲ್ಲ. ಜನರ ಕೂಗು ಸ್ಪೀಕರ್‌ನಿಂದ ಮೈಮೇಲೆ ಸುರಿಯುತ್ತಿತ್ತಲ್ಲ, ಅದು ಅವನಿಗೆ ಬೇಕಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೇಲೆ, 1949ರಲ್ಲಿ ಬಾಸ್ಟನ್‌ನ ಒಂದು ಫುಟ್‌ಬಾಲ್ ಪಂದ್ಯಕ್ಕೆ ಸಿಬಿಎಸ್ ರೇಡಿಯೋ ಕಳಿಸಿತು. ಬೆಚ್ಚಗಿನ ಕೋಣೆ ಇರುತ್ತದೆ ಅಂದುಕೊಂಡು ಕೋಟು, ಗ್ಲೌಸು ಹೋಟೆಲ್‌ನಲ್ಲೇ ಬಿಟ್ಟು ಹೋದರು. ಸಿಕ್ಕಿದ್ದು ಫೆನ್‌ವೇ ಪಾರ್ಕಿನ ಚಾವಣಿ, ಒಂದು ಮೈಕು, ಉದ್ದದ ವೈರು. ನವೆಂಬರ್ ಚಳಿಯಲ್ಲಿ ಆಟದ ಜತೆಜತೆಗೇ ಚಾವಣಿ ಮೇಲೆ ಓಡಾಡುತ್ತಾ ಪಂದ್ಯ ಮುಗಿಸಿದರು. ಚಳಿ ಅನ್ನುವ ಮಾತನ್ನೇ ರೇಡಿಯೋದಲ್ಲಿ ಎತ್ತಲಿಲ್ಲ. ಅವರನ್ನು ಕಳಿಸಿದ್ದ ಸಿಬಿಎಸ್ ಕ್ರೀಡಾ ಮುಖ್ಯಸ್ಥ, ಡಾಡ್ಜರ್ಸ್ ಕಾಮೆಂಟೇಟರ್ ರೆಡ್ ಬಾರ್ಬರ್‌ಗೆ ವಿಷಯ ಗೊತ್ತಾಗಿದ್ದು ಆಮೇಲೆ, ಬೇರೆಯವರಿಂದ. 1950ರಲ್ಲಿ ಸ್ಕಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಕಾಮೆಂಟರಿಗೆ ಸೇರಿದರು.

ಬಾರ್ಬರ್ ಕಟ್ಟುನಿಟ್ಟಿನ ಗುರು. ಮೊಟ್ಟೆ ಬೇಯಿಸುವಾಗ ಇಡುವ ಮೂರು ನಿಮಿಷದ ಮರಳು ಗಡಿಯಾರ ಅವರ ಮುಂದೆ ಇರುತ್ತಿತ್ತು. ಮರಳು ಇಳಿದ ಕೂಡಲೇ ಸ್ಕೋರ್ ಹೇಳಬೇಕು, ಆಗತಾನೇ ರೇಡಿಯೋ ಹಾಕಿದವರಿಗೆ ಅದು ಮೊದಲು ಬೇಕು. ಇನ್ನೊಂದು ಪಾಠ: ಬೇರೆ ಕಾಮೆಂಟೇಟರ್‌ಗಳನ್ನು ಕೇಳಬೇಡ, ನಿನ್ನತನ ಕಲಬೆರಕೆಯಾಗುತ್ತದೆ. ಸಂಬಳ ಕೊಡುವುದು ಡಾಡ್ಜರ್ಸ್ ಆದರೂ ಸ್ಕಲ್ಲಿ ಆ ತಂಡವನ್ನು ‘ನಾವು’ ಅನ್ನಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಕಾಮೆಂಟೇಟರ್‌ನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಇಬ್ಬರಿದ್ದರೆ ಅವರವರೇ ಮಾತಾಡಿಕೊಳ್ಳುತ್ತಾರೆ. ಒಬ್ಬರೇ ಇದ್ದರೆ ಕೇಳುವವರ ಜತೆ ಮಾತಾಡಲೇಬೇಕು. ಜನ ಅವರಿಗೆ ಅಂಟಿಕೊಂಡ ಗುಟ್ಟು ಇದೇ ಅಂತ ನನಗನ್ನಿಸುತ್ತದೆ.

1965ರ ಸೆಪ್ಟೆಂಬರ್ 9ರ ರಾತ್ರಿಯ ರೆಕಾರ್ಡಿಂಗ್ ಎಷ್ಟು ಸಲ ಕೇಳಿದರೂ ನನಗೆ ಸಾಲದು. ಡಾಡ್ಜರ್ಸ್ ಪಿಚರ್ (ಚೆಂಡು ಎಸೆಯುವವರು) ಸ್ಯಾಂಡಿ ಕೊಫ್ಯಾಕ್ಸ್, ಎದುರಿಗೆ ಶಿಕಾಗೋ ಕಬ್ಸ್. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸಿಗೆ ಮೂರು ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟದಂತೆ ಸಾಲಾಗಿ 27 ಜನರನ್ನೂ ಔಟ್ ಮಾಡಿದರೆ ಅದು ಪರ್ಫೆಕ್ಟ್ ಗೇಮ್. ಬಹಳ ಅಪರೂಪ. ಒಂಬತ್ತನೇ ಇನಿಂಗ್ಸಿನಲ್ಲಿ ಸ್ಕಲ್ಲಿ ಎಸೆತಗಳನ್ನಷ್ಟೇ ಹೇಳುವುದಿಲ್ಲ. ಕೊಫ್ಯಾಕ್ಸ್ ಟೋಪಿ ತೆಗೆದರು, ಕಪ್ಪು ಕೂದಲಲ್ಲಿ ಬೆರಳಾಡಿಸಿದರು, ಮತ್ತೆ ಟೋಪಿ ಹಾಕಿ ಅದರ ಅಂಚು ಸರಿಮಾಡಿಕೊಂಡರು, ಅನ್ನುತ್ತಾರೆ. ಪಿಚರ್ ನಿಂತ ಆ ದಿಬ್ಬ ಈಗ ಜಗತ್ತಿನಲ್ಲೇ ಅತ್ಯಂತ ಒಂಟಿ ಜಾಗ, ಅನ್ನುತ್ತಾರೆ. ಮುಂದೊಂದು ದಿನ ಆಟಗಾರನಿಗೆ ನೆನಪಿಗಿರಲಿ ಅಂತ ತಾರೀಕು, ಗಡಿಯಾರದ ಸಮಯ ಹೇಳುತ್ತಾರೆ. ಹಾರ್ವಿ ಕೀನ್ ಬೀಸಿದರು, ತಪ್ಪಿತು, ಪರ್ಫೆಕ್ಟ್ ಗೇಮ್!

ಅಷ್ಟೇ. ಆಮೇಲೆ 38 ಸೆಕೆಂಡು ಸ್ಕಲ್ಲಿ ಬಾಯಿಯೇ ಬಿಡುವುದಿಲ್ಲ. ಬರೀ ಜನರ ಕೂಗು. ರೇಡಿಯೋದಲ್ಲಿ 38 ಸೆಕೆಂಡು ಅಂದರೆ ಎಷ್ಟು ಉದ್ದ ಅಂತ ಗಡಿಯಾರ ನೋಡಿಕೊಂಡು ಸುಮ್ನೆ ಕೂತು ನೋಡಿ. ಆಮೇಲೆ ಸಮಯ ಹೇಳಿದರು: ರಾತ್ರಿ 9 ಗಂಟೆ 46 ನಿಮಿಷ. ರೇಡಿಯೋದ ಅಡಿಯಲ್ಲಿ ಮಲಗಿ ಆ ಹುಡುಗ ಏನನ್ನು ಕೇಳುತ್ತಿದ್ದನೋ ಅದನ್ನೇ ಲಾಸ್ ಏಂಜಲೀಸಿನ ಮನೆಮನೆಗೂ ಕೇಳಿಸಿದರು.

ಇದು ಆ ಒಂದು ದಿನದ ಮಾತಲ್ಲ. 1955ರಲ್ಲಿ ಬ್ರೂಕ್ಲಿನ್ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದಾಗ ಒಂದೇ ವಾಕ್ಯ ಹೇಳಿ ನಿಲ್ಲಿಸಿದ್ದರು. ಇನ್ನೊಂದು ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ ಎಂದರು ಆಮೇಲೆ. 1974ರಲ್ಲಿ ಅಟ್ಲಾಂಟಾದಲ್ಲಿ ಹ್ಯಾಂಕ್ ಏರನ್ ತಮ್ಮ 715ನೇ ಹೋಂ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದು ಬೇಬ್ ರೂತ್ ದಾಖಲೆ ದಾಟಿದರು. ಆಗಲೂ ಜನರ ಕೂಗಿಗೆ ಜಾಗ ಬಿಟ್ಟು ಸುಮ್ಮನಾದರು. ಬಳಿಕ ಮೊದಲು ಆಡಿದ್ದು ಅಂಕಿಅಂಶದ ಮಾತಲ್ಲ. ದಕ್ಷಿಣದ ರಾಜ್ಯವೊಂದರಲ್ಲಿ ಕಪ್ಪು ಆಟಗಾರನೊಬ್ಬನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದರು.

ಹೀಗೆ 67 ಸೀಸನ್, ಒಂದೇ ತಂಡಕ್ಕೆ. ಕೊನೆಯ ಪಂದ್ಯ 2016ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜೈಂಟ್ಸ್ ಎದುರು. ಅದಕ್ಕೆ ಸರಿಯಾಗಿ 80 ವರ್ಷ ಹಿಂದೆ, 1936ರ ಅಕ್ಟೋಬರ್ 2ರಂದು, ಶಾಲೆಯಿಂದ ಮನೆಗೆ ಹೋಗುತ್ತಿದ್ದ ಹುಡುಗ ಒಂದು ಲಾಂಡ್ರಿ ಅಂಗಡಿಯಲ್ಲಿ ಹಾಕಿದ್ದ ಸ್ಕೋರ್ ನೋಡಿದ್ದ. ಯಾಂಕೀಸ್ 18, ಜೈಂಟ್ಸ್ 4. ಸೋತವರನ್ನು ನೆನೆದು ಅಯ್ಯೋ ಪಾಪ ಅನ್ನಿಸಿತಂತೆ. ಅವನಿಗೆ ಬೇಸ್‌ಬಾಲ್ ಹುಚ್ಚು ಹತ್ತಿದ್ದು ಅವತ್ತೇ.