ದಿನಕ್ಕೆ ಎಷ್ಟು ಇಂಗ್ಲಿಷ್ ಪದ ಬಾಯಿಪಾಠ ಮಾಡಬೇಕು?

ಪ್ರಶ್ನೆ: ಸರ್, ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದ ಜೊತೆ ನೋಟ್‌ಬುಕ್‌ನಲ್ಲಿ ಬರೆದು ಓದ್ತಿದ್ದೀನಿ. ಮಾತಾಡಲು ಹೋದರೆ ಒಂದೂ ಬಾಯಿಗೆ ಬರಲ್ಲ. ದಿನಕ್ಕೆ ಎಷ್ಟು ಕಲಿಯಬೇಕು?

ಉತ್ತರ: ಮತ್ತೆ ಅದೇ ಪ್ರಶ್ನೆ! ಐದು ಸಾಕು. ದಿನಕ್ಕೆ ಹತ್ತಾದರೆ ವರ್ಷಕ್ಕೆ 3,650 ಎಂದು ಲೆಕ್ಕ ಹಾಕಿ ಕಳಿಸುವವರೂ ಇದ್ದಾರೆ. ಲೆಕ್ಕ ಸರಿ ಇದೆ, ಇಂಗ್ಲಿಷ್ ಮಾತ್ರ ಬರಲ್ಲ.

ತೊಂದರೆ ಇರುವುದು ಎಣಿಕೆಯಲ್ಲಲ್ಲ, ಆ ಎರಡು ಕಾಲಂ ನೋಟ್‌ಬುಕ್‌ನಲ್ಲಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ, ಒಂದಕ್ಕೆ ಒಂದು. ಈ ನಂಬಿಕೆಯನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಹೋಗುವುದಿಲ್ಲ.

ಅಂಥ ಪಟ್ಟಿಗಳ ಮೊದಲ ಪುಟದಲ್ಲೇ 'ಅಬ್ಯಾಂಡನ್' ಇರುತ್ತದೆ. ಎದುರಿಗೆ 'ಬಿಟ್ಟುಬಿಡು'. ಈಗ ಇದನ್ನೇ ನಂಬಿ 'ಅಕ್ಕನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದೆ' ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. 'ಐ ಅಬ್ಯಾಂಡನ್ಡ್ ಮೈ ಸಿಸ್ಟರ್'! ಕೇಳಿದವರು ಪೊಲೀಸರಿಗೆ ಫೋನ್ ಮಾಡಿಯಾರು. ಅಲ್ಲಿ ಬೇಕಾದದ್ದು 'ಡ್ರಾಪ್ಡ್'. ಸಿಗರೇಟು ಬಿಟ್ಟರೆ 'ಗೇವ್ ಅಪ್'. ಕಾಲೇಜು ಬಿಡುವುದು ನಾಲ್ಕಕ್ಕೆ ಎಂದರೆ ಅದು ಮತ್ತೊಂದೇ. ನಮ್ಮ 'ಬಿಡು' ನೂರು ಕೆಲಸ ಮಾಡುತ್ತದೆ, 'ಅಬ್ಯಾಂಡನ್' ಅಷ್ಟೆಲ್ಲ ಮಾಡಲ್ಲ. ನೆರೆನೀರಿನಲ್ಲಿ ಸಿಕ್ಕ ಕಾರನ್ನು ಅಲ್ಲೇ ಕೈಬಿಟ್ಟು ಓಡಿದರೆ ಅಬ್ಯಾಂಡನ್. ಮಳೆ ನಿಲ್ಲದೆ ಕ್ರಿಕೆಟ್ ಆಟವನ್ನೇ ಕೈಬಿಟ್ಟಾಗ ಟಿವಿಯಲ್ಲಿ 'ಮ್ಯಾಚ್ ಅಬ್ಯಾಂಡನ್ಡ್' ಎಂದು ಬರುತ್ತದಲ್ವಾ, ಅದನ್ನು ಬರೆದಿಟ್ಟುಕೊಳ್ಳಿ. ಪದವನ್ನಲ್ಲ, ಆ ಇಡೀ ತುಂಡನ್ನು.

ಹಾಗೇ ಜೋರು ಮಳೆ 'ಹೆವಿ ರೇನ್', ಜೋರು ಗಾಳಿ 'ಸ್ಟ್ರಾಂಗ್ ವಿಂಡ್'. ಯಾಕೆ ಅಂತ ಕೇಳಬೇಡಿ. ಜೋಡಿಯಾಗಿ ಕಲಿತವರಿಗೆ ಆ ಪ್ರಶ್ನೆಯೇ ಬರುವುದಿಲ್ಲ.

ಹಾಗಂತ ಇಂಗ್ಲಿಷ್-ಕನ್ನಡ ನಿಘಂಟನ್ನು ರದ್ದಿಗೆ ಹಾಕಬೇಡಿ. ಅಳಿಲು, ಮೂತ್ರಪಿಂಡ, ಸುಣ್ಣ ಇಂಥವಕ್ಕೆ ಅದೇ ಒಳ್ಳೆಯದು. ಉಳಿದದ್ದಕ್ಕೆ ಇಂಗ್ಲಿಷ್-ಇಂಗ್ಲಿಷ್ ನಿಘಂಟು ನೋಡಿ. 'ಅರ್ಥ ನೋಡಿದರೆ ಅದರಲ್ಲೂ ಅರ್ಥವಾಗದ ಪದ' ಎಂಬ ಭಯ ಬೇಡ. ಕಲಿಯುವವರಿಗೆಂದೇ ಮಾಡಿದವು ಬೇರೆ ಇವೆ. ಢಾಕಾದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೈಕೆಲ್ ವೆಸ್ಟ್ 1935ರಲ್ಲೇ ಸುಮಾರು 1,500 ಸುಲಭ ಪದಗಳಲ್ಲೇ ಎಲ್ಲ ವಿವರಣೆ ಮುಗಿಸಿದ ನಿಘಂಟು ತಂದರು. 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳಲ್ಲಿ ಇದೇ ಕೆಲಸ ಮಾಡಿತು. ವಿವರಣೆ ಓದಿ, ಕೆಳಗಿನ ಉದಾಹರಣೆ ವಾಕ್ಯವನ್ನು ಮಾತ್ರ ಹಾರಿಸಬೇಡಿ. ಅಸಲಿ ಮಾಲು ಇರುವುದು ಅಲ್ಲೇ.

ಇನ್ನೊಂದು, ನೀವು ಕೇಳದಿದ್ದರೂ ಹೇಳಿಬಿಡ್ತೀನಿ. ಮೊಬೈಲ್ ನಿಘಂಟಿನಲ್ಲಿ ಪದದ ಪಕ್ಕ ಪುಟ್ಟ ಸ್ಪೀಕರ್ ಗುರುತು ಇರುತ್ತದೆ. ಒತ್ತಿ, ಕೇಳಿ. ಸಾಲ ಎನ್ನುವುದಕ್ಕೆ ಇನ್ನೂ 'ಡೆಬ್ಟ್' ಎನ್ನುತ್ತಿದ್ದರೆ ಇವತ್ತೇ ನಿಲ್ಲಿಸಿ. ಅದು 'ಡೆಟ್'. ಬ್ಯಾಂಕ್ ಇಂಟರ್‌ವ್ಯೂಗೆ ಹೋಗುವವರು ಎರಡು ಸಲ ಒತ್ತಿ.