ಹೆಗಲು ನೋವಿಗೆ ಶಾಖವೋ, ಸೂಜಿಯೋ?

ಸುಗ್ಗಿ ಬಂತೆಂದರೆ ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಹಮಾಲರ ಹೆಗಲಿಗೆ ಬಿಡುವೇ ಇಲ್ಲ. ಚೀಲ ಬೆನ್ನ ಮೇಲೆ ಕೂತೊಡನೆ ಅದು ಜಾರದಂತೆ ಒಂದು ಕೈ ತಲೆಯ ಹಿಂದೆ ಹೋಗಿ ಮೂಲೆ ಹಿಡಿಯುತ್ತದೆ. ಪೇರಿಸಿದ ಚೀಲಗಳ ನಿಟ್ಟು ಎತ್ತರವಾದಷ್ಟೂ ಕೈ ಮೇಲೆ ಚಾಚಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದವರಲ್ಲಿ ಶುರುವಾಗುವ ನೋವಿಗೆ ಒಂದು ಗುರುತಿದೆ. ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಚುಚ್ಚುತ್ತದೆ, ಅದನ್ನು ದಾಟಿದರೆ ಸಡಿಲಾಗುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ.

ನೋಯುವುದು ಮುಖ್ಯವಾಗಿ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವನ್ನು ತೋಳಿನ ಮೂಳೆಗೆ ಕಟ್ಟಿಹಾಕುವ ರಜ್ಜು. ಹೆಗಲ ತುದಿಯ ಮೂಳೆಯ ಕೆಳಗೆ, ಸುಮಾರು ಒಂದು ಸೆಂಟಿಮೀಟರ್ ಸಂದಿನಲ್ಲಿ ಅದು ಹಾದುಹೋಗುತ್ತದೆ. ಅಲ್ಲಿ ನಡೆಯುತ್ತಿರುವುದು ಬರೀ ಉರಿಯೂತವಲ್ಲ. ರಜ್ಜುವಿಗೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಜೋಡಣೆಯೇ ಕೆಟ್ಟಿರುತ್ತದೆ, ಅದು ಸರಿಹೋಗಲು ತಿಂಗಳುಗಳೇ ಬೇಕು.

ಮನೆಯಲ್ಲಿ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕಾಸುತ್ತೇವೆ. ಹಿತವಾಗುವುದು ನಿಜ, ಆದರೆ ಆ ಕಾವು ಚರ್ಮದಿಂದ ಹೆಚ್ಚು ಕೆಳಗಿಳಿಯುವುದಿಲ್ಲ. ಆಳಕ್ಕೆ ಮುಟ್ಟಿಸಲು ಮೈಕ್ರೋವೇವ್‌ನಂಥ ಅಲೆಗಳಿಂದ ಒಳಗೇ ಬಿಸಿ ಹುಟ್ಟಿಸುವ ಡಯಾಥರ್ಮಿ ಯಂತ್ರ ಬೇಕು. 2012ರಲ್ಲಿ ಪ್ರಕಟವಾದ ಇಟಲಿಯ ಒಂದು ಪ್ರಯೋಗ ಇದನ್ನೇ ಪರೀಕ್ಷಿಸಿತು. 92 ರೋಗಿಗಳಲ್ಲಿ ಒಂದು ಗುಂಪಿಗೆ ವಾರಕ್ಕೆ 3 ಸಲದಂತೆ 4 ವಾರ ಮೈಕ್ರೋವೇವ್ ಶಾಖ, ಇನ್ನೊಂದಕ್ಕೆ ಎರಡು ವಾರಕ್ಕೊಂದರಂತೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧದ 3 ಇಂಜೆಕ್ಷನ್. 24 ವಾರಗಳ ನಂತರ ನೋಡಿದರೆ ಎರಡೂ ಸಮಸಮ. ಆದರೆ ಏನೂ ಚಿಕಿತ್ಸೆ ಪಡೆಯದ ಮೂರನೆಯ ಗುಂಪು ಅದರಲ್ಲಿರಲಿಲ್ಲ. ಹಾಗಾಗಿ ಗುಣವಾದದ್ದರಲ್ಲಿ ಚಿಕಿತ್ಸೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಅದರಿಂದ ಬಿಡಿಸಿ ಹೇಳಲಾಗದು.

ಇಂಜೆಕ್ಷನ್ನಿನ ಕಥೆಯನ್ನು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು 2021ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿತು. ಅದರಲ್ಲಿದ್ದವರು 708 ಜನ. ಸ್ಟೀರಾಯ್ಡ್ ಪಡೆದವರಿಗೆ 8 ವಾರದ ಹೊತ್ತಿಗೆ ತುಸು ಹೆಚ್ಚು ಆರಾಮ, ವರ್ಷದ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಇಲ್ಲೇ ನನಗೆ ಆತಂಕ. ನೋವು ಅಡಗಿದ ಮರುದಿನವೇ ಹಮಾಲ ಮತ್ತೆ ಚೀಲಕ್ಕೆ ಹೆಗಲು ಕೊಡುತ್ತಾನೆ, ಕೊಡದಿದ್ದರೆ ಕೂಲಿಯಿಲ್ಲ. ರಜ್ಜು ಮಾತ್ರ ಇನ್ನೂ ದುರ್ಬಲವಾಗಿಯೇ ಇರುತ್ತದೆ. ಸ್ಟೀರಾಯ್ಡ್ ಕೊಲಾಜನ್ ತಯಾರಿಕೆಯನ್ನೂ ಕುಗ್ಗಿಸುತ್ತದೆ, ಆದ್ದರಿಂದ ನೋವು ಬಂದಾಗಲೆಲ್ಲ ಸೂಜಿ ಮಾಡಿಸಿಕೊಳ್ಳುವ ರೂಢಿ ಒಳ್ಳೆಯದಲ್ಲ. ಶುಗರ್ ಇದ್ದವರಲ್ಲಿ ಕೆಲವು ದಿನ ಸಕ್ಕರೆ ಅಂಶ ಏರುತ್ತದೆ, ವೈದ್ಯರಿಗೆ ಮೊದಲೇ ಹೇಳಬೇಕು.

ಹಾಗಾದರೆ ಶಾಖವೇ ಮೇಲೇ? ಸೂಜಿಯ ಅಪಾಯಗಳು ಅದಕ್ಕಿಲ್ಲ. ಪೇಸ್‌ಮೇಕರ್ ಇದ್ದವರಿಗೆ, ಆ ಭಾಗದಲ್ಲಿ ರಾಡು-ಸ್ಕ್ರೂ ಇದ್ದವರಿಗೆ ಡಯಾಥರ್ಮಿ ಕೂಡದು. ಆದರೆ 12 ಸಲ ಊರಿಂದ ಆಸ್ಪತ್ರೆಗೆ ಬರುವುದೆಂದರೆ 12 ದಿನದ ಕೂಲಿಗೆ ಕುತ್ತು. ಈ ಲೆಕ್ಕ ವೈದ್ಯಕೀಯ ಪತ್ರಿಕೆಗಳಲ್ಲಿ ಸಿಗುವುದಿಲ್ಲ, ಹಳ್ಳಿಯ ಮನೆಯಲ್ಲಿ ಸಿಗುತ್ತದೆ.

ಬ್ರಿಟನ್ನಿನ ಅದೇ ಪ್ರಯೋಗದ ಇನ್ನೊಂದು ಫಲಿತಾಂಶ ನಮ್ಮ ಭಾಗಕ್ಕೆ ಹೆಚ್ಚು ಉಪಯೋಗಿ. ಫಿಸಿಯೋಥೆರಪಿಸ್ಟ್ ಬಳಿ 6 ಸಲದವರೆಗೆ ಹೋಗಿ ವ್ಯಾಯಾಮ ಕಲಿತವರೂ ಒಂದೇ ಸಲ ಚೆನ್ನಾಗಿ ಹೇಳಿಸಿಕೊಂಡು ಮನೆಯಲ್ಲಿ ಮಾಡಿದವರೂ ವರ್ಷದಲ್ಲಿ ಒಂದೇ ಮಟ್ಟಕ್ಕೆ ಬಂದರು. ಒಂದು ದಿನದ ಕೂಲಿ ಬಿಟ್ಟು ಸರಿಯಾಗಿ ಕಲಿತು ಬಂದರೆ ಮುಂದಿನದು ಮನೆಯ ಗೋಡೆಯ ಬಳಿಯೇ ಆಗುತ್ತದೆ: ಮೊಣಕೈ ಮಡಚಿ ಮುಂಗೈಯ ಹಿಂಬದಿಯಿಂದ ಗೋಡೆಯನ್ನು ಒತ್ತಿ ಹಿಡಿಯುವುದು, ನೋವು ಇಳಿದಂತೆ ರಬ್ಬರ್ ಪಟ್ಟಿ ಎಳೆಯುವುದು, ಭಾರವನ್ನು ವಾರವಾರ ಸ್ವಲ್ಪ ಸ್ವಲ್ಪ ಏರಿಸುವುದು. ಕೆಟ್ಟ ಎಳೆಗಳಿಗೆ ಬಲ ಬರುವುದು ಈ ಎಳೆತದಿಂದಲೇ. ನೋವು ತಡೆಯಲಾರದೆ ವ್ಯಾಯಾಮವೇ ಆಗದಿದ್ದಾಗ ಒಂದು ಇಂಜೆಕ್ಷನ್ನಿಗೋ ಶಾಖಕ್ಕೋ ನನ್ನ ಆಕ್ಷೇಪವಿಲ್ಲ.

ಚೀಲ ಎತ್ತುವಾಗಲೋ ಬಿದ್ದಾಗಲೋ ಹೆಗಲಲ್ಲಿ ಚಟ್ಟೆಂದು, ಆಮೇಲೆ ಕೈಯೇ ಎತ್ತಲಾಗದಿದ್ದರೆ ಮಾತ್ರ ಇದಾವುದೂ ಸಲ್ಲದು. ರಜ್ಜು ಹರಿದಿರಬಹುದು, ತಡಮಾಡದೆ ಮೂಳೆ ವೈದ್ಯರಲ್ಲಿ ತೋರಿಸಿ ಸ್ಕ್ಯಾನ್ ಮಾಡಿಸಬೇಕು.