ಮಗು ಬಾಯಿಬಿಟ್ಟಾಗ ನಾವು ಪೊಲೀಸರಾಗುವುದು ಬೇಡ

ಶಾಲೆಗಳಲ್ಲಿ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆಯ ಬಗ್ಗೆ ತರಬೇತಿ ಕೊಡಲು ಹೋದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾಕ್ಷಿ ಇಲ್ಲದೆ ಹೇಗೆ ದೂರು ಕೊಡೋದು ಮೇಡಂ? ನಾಳೆ ಸುಳ್ಳು ಅಂತಾದರೆ?"

ಸಾಕ್ಷಿ ಹುಡುಕುವುದು ನಿಮ್ಮ ಕೆಲಸವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಇಂಥ ದೌರ್ಜನ್ಯ ಆಗಬಹುದು ಎಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಬೇಕು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ಗೊತ್ತಿದ್ದೂ ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ತನ್ನ ಕೈಕೆಳಗಿನವರ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಮಗು ಕ್ಲಾಸ್ ಟೀಚರ್ ಹತ್ತಿರ ಹೇಳುತ್ತದೆ. ಅವರು ಮುಖ್ಯ ಶಿಕ್ಷಕರ ಹತ್ತಿರ ಕರೆದೊಯ್ಯುತ್ತಾರೆ. "ಸರಿಯಾಗಿ ಹೇಳಮ್ಮ, ಎಲ್ಲಿ ಮುಟ್ಟಿದ್ರು? ಎಷ್ಟು ಸಲ?" ಆಮೇಲೆ ಆಡಳಿತ ಮಂಡಳಿಯವರು. ಸಂಜೆಯೊಳಗೆ ಅದೇ ಕತೆ ನಾಲ್ಕು ಸಲ. ಪ್ರತಿ ಸಲ ಒಂದಿಷ್ಟು ವ್ಯತ್ಯಾಸ ಬರುತ್ತದೆ, ದೊಡ್ಡವರಿಗೂ ಬರುತ್ತೆ ಅಲ್ವಾ? ಮುಂದೆ ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿದುಕೊಳ್ಳುವುದು ಅದನ್ನೇ.

ಮಗು ಹೇಳುವಷ್ಟನ್ನು ಕೇಳಿಸಿಕೊಳ್ಳಿ. "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. ಯಾರಿಗೂ ಹೇಳಲ್ಲ ಎಂದು ಮಾತ್ರ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. ಮಗು ಆಡಿದ ಮಾತನ್ನು ಹಾಗೇ ಬರೆದಿಡಿ. ಅದು "ಸೂಸು ಜಾಗ" ಅಂದಿದ್ದರೆ ನೀವೂ ಹಾಗೇ ಬರೆಯಿರಿ. ದಿನಾಂಕ, ಸಮಯ ಹಾಕಿ. ಆಮೇಲೆ ಪೊಲೀಸ್ ಠಾಣೆಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಹೇಳಿಕೆ ಪಡೆಯಲು ಪೊಲೀಸರೇ ಮನೆಗೆ ಬರಬಹುದು, ಆಗ ಅವರು ಸಮವಸ್ತ್ರದಲ್ಲಿ ಇರುವಂತಿಲ್ಲ. ಇದು ಗೊತ್ತಾದರೆ ಪೋಷಕರ ಅರ್ಧ ಭಯ ಹೋಗುತ್ತದೆ.

ಹೈಸ್ಕೂಲು, ಪಿಯು ಮಕ್ಕಳ ಕಷ್ಟ ಈಗ ಜಾಸ್ತಿ ಫೋನಿನಲ್ಲೇ ಇದೆ. ಇನ್‌ಸ್ಟಾಗ್ರಾಮಿನಲ್ಲಿ ಪರಿಚಯ, ನಾಲ್ಕು ದಿನ ಸಿಹಿ ಮಾತು, ಆಮೇಲೆ ಒಂದು ಫೋಟೊ. ಮರುಗಳಿಗೆಯೇ, "ದುಡ್ಡು ಹಾಕು, ಇಲ್ಲಾಂದ್ರೆ ನಿಮ್ಮಪ್ಪಂಗೆ ಕಳಿಸ್ತೀನಿ." ಹುಡುಗರೂ ಸಿಕ್ಕಿಬೀಳುತ್ತಾರೆ. ಆದರೆ ಹುಡುಗರಿಗೆ ಇದನ್ನು ಹೇಳಿಕೊಡುವ ಶಾಲೆಗಳು ಕಡಿಮೆ. ಪೋಕ್ಸೊ 18 ವರ್ಷದೊಳಗಿನ ಎಲ್ಲರಿಗೂ ಅನ್ವಯ, ಗಂಡು ಹೆಣ್ಣೆಂಬ ಭೇದವಿಲ್ಲ.

ಮಕ್ಕಳೇ, ದುಡ್ಡು ಕೊಟ್ಟರೆ ಕಾಟ ನಿಲ್ಲುತ್ತದೆ ಎಂದುಕೊಳ್ಳಬೇಡಿ, ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಆ ಖಾತೆಯ ಹೆಸರು, ಬೆದರಿಕೆಯ ಮೆಸೇಜು ಎಲ್ಲವೂ ಬೇಕು. "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯೊಂದಿದೆ. ನಿಮ್ಮ ಫೋಟೊ ಫೋನಿನಲ್ಲೇ ಇರುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಸೇವೆಗೆ ಸೇರಿರುವ ಕಂಪನಿಗಳು ಆ ಗುರುತಿನ ಮೇಲೆ ಚಿತ್ರ ಹುಡುಕಿ ತೆಗೆಯುತ್ತವೆ.

ದೊಡ್ಡವರಿಗೂ ಒಂದು ಮಾತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊ ಕೈಗೆ ಬಂದಾಗ "ನೋಡಿ ಎಂಥಾ ಅನ್ಯಾಯ" ಎಂದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವವರಿದ್ದಾರೆ. ಹಾಗೆ ಹಂಚುವುದೇ ಅಪರಾಧ. ತಿಳಿದೂ ತಿಳಿದೂ ಇಟ್ಟುಕೊಳ್ಳುವುದೂ ತಪ್ಪಾಗಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗುಂಪಿಗೆ ಹಾಕಬೇಡಿ, ಪೊಲೀಸರಿಗೆ ತಿಳಿಸಿ.